ಆವೇಶಕ್ಕೂ ಒಂದು ಕೋಡಿ ಬೇಕು

ವಿದ್ಯುಚ್ಛಕ್ತಿಯ ಚರಿತ್ರೆಯಲ್ಲಿ ಮಂಡ್ಯದ ಸೀಮೆಗೆ ಹಿರಿದಾದ ಸ್ಥಾನವುಂಟು. ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರುಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ತಂತಿಗಳ ಮೂಲಕ ಹರಿದು ಹೋಯಿತು. ಆ ಪ್ರವಾಹವು ಬೇಸಿಗೆಯಲ್ಲಿಯೂ ಕುಂದಬಾರದೆಂಬುದು ಶ್ರೀರಂಗಪಟ್ಟಣದ ಬಳಿಯ ಕನ್ನಂಬಾಡಿಯಲ್ಲಿ ಅಣೆಕಟ್ಟನ್ನು ಕಟ್ಟಿದ್ದಕ್ಕೆ ಒಂದು ಮುಖ್ಯ ಕಾರಣ. ಹರಿಯುವ ವಿದ್ಯುತ್ತಿನ ಈ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಹೆಮ್ಮೆಯಿಂದ ಹೇಳುತ್ತಾರೆ, ಹೇಳತಕ್ಕದ್ದೇ. ಆದರೆ ಹರಿಯದೆ ನಿಂತಿರುವ ವಿದ್ಯುತ್ತೂ ಒಂದುಂಟು. ಅದೇ ಸ್ಥಾಯೀ ವಿದ್ಯುತ್ತು. ಅದಕ್ಕೆ ನಮ್ಮ ತರಗತಿಗಳಲ್ಲಿ ದೊರೆಯುವ ಮರ್ಯಾದೆ ಅತ್ಯಲ್ಪ. ಒಣಗಿದ ಕೂದಲಿಗೆ ಉಜ್ಜಿದ ಬಾಚಣಿಗೆ, ಅದಕ್ಕೆ ಹಾರಿ ಅಂಟುವ ಕಾಗದದ ಚೂರು, ಒಂದು ನಗು, ಅಲ್ಲಿಗೆ ಪಾಠ ಮುಗಿಯಿತು.

ಈ ಉಪೇಕ್ಷೆ ಸಲ್ಲದೆಂಬುದೇ ನಮ್ಮ ವಾದ. ಏಕೆಂದರೆ ಕಾಗದದ ಚೂರನ್ನು ಎತ್ತುವ ಶಕ್ತಿಯೂ ಹೊಲದಲ್ಲಿ ದುಡಿಯುವವನನ್ನು ಕೆಡಹುವ ಸಿಡಿಲೂ ಮೂಲತಃ ಒಂದೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಾರ್ಯಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,800ಕ್ಕೂ ಹೆಚ್ಚು. ಇವರಲ್ಲಿ ಬಹುಮಂದಿ ಬಯಲಿನಲ್ಲಿ ಕೆಲಸಮಾಡುವ ರೈತರು, ಕೂಲಿಗಳು, ದನಕುರಿಗಳನ್ನು ಕಾಯುವವರು. ಪಠ್ಯಪುಸ್ತಕದ ಬೇರಾವ ಅಧ್ಯಾಯಕ್ಕೂ ಹಳ್ಳಿಯ ಮನೆಗೂ ಇಷ್ಟು ಹತ್ತಿರದ ಸಂಬಂಧವಿರಲಾರದು. ಆದರೂ ಬಾಚಣಿಗೆಯಿಂದ ಸಿಡಿಲಿನವರೆಗಿನ ಹಾದಿಯನ್ನು ವಿದ್ಯಾರ್ಥಿಯ ಕೈಹಿಡಿದು ನಡೆಸುವವರು ವಿರಳ.

ಈ ಹಾದಿಯನ್ನು ನಡೆಯಲು ಮೂರು ಪ್ರಶ್ನೆಗಳು ಸಾಕು. ಆವೇಶವು ಎಲ್ಲಿ ಹುಟ್ಟುತ್ತದೆ? ಹುಟ್ಟಿದ್ದು ಏಕೆ ನಿಲ್ಲುತ್ತದೆ? ನಿಂತದ್ದು ಯಾವ ದಾರಿಯಿಂದ ಹೊರಟುಹೋಗುತ್ತದೆ? ಕೆರೆಯ ನೀರನ್ನು ಬಲ್ಲ ನಾಡಿಗೆ ಈ ಪ್ರಶ್ನೆಗಳು ಹೊಸವಲ್ಲ. ಪಾಂಡವಪುರದ ಬಳಿಯ ತೊಣ್ಣೂರು ಕೆರೆಯಂತಹ ಹಿರಿಯ ಕೆರೆಗಳನ್ನು ಕಟ್ಟಿದವರು ನೀರು ಎಲ್ಲಿಂದ ಬರುವುದು, ಏರಿಯು ಎಷ್ಟನ್ನು ತಡೆಯಬಲ್ಲದು, ಹೆಚ್ಚಾದದ್ದು ಯಾವ ಕೋಡಿಯಲ್ಲಿ ಹರಿದು ಹೋಗಬೇಕು ಎಂಬುದನ್ನು ಮೊದಲೇ ಯೋಚಿಸುತ್ತಿದ್ದರು. ಕೋಡಿಯಿಲ್ಲದ ಕೆರೆಯು ತನ್ನ ಕೋಡಿಯನ್ನು ತಾನೇ ಒಡೆದುಕೊಳ್ಳುತ್ತದೆ; ಎಲ್ಲಿ ಒಡೆಯಬೇಕೆಂಬುದನ್ನು ಆಗ ಊರಿನವರು ನಿರ್ಧರಿಸುವುದಿಲ್ಲ, ನೀರು ನಿರ್ಧರಿಸುತ್ತದೆ. ವಿದ್ಯುದಾವೇಶದ ನಡತೆಯೂ ಇಂತಹದೇ.

ಮೊದಲು ಹುಟ್ಟನ್ನು ನೋಡೋಣ. ಎರಡು ಭಿನ್ನ ವಸ್ತುಗಳು ಒಂದನ್ನೊಂದು ಮುಟ್ಟಿ ಅಗಲಿದಾಗ ಒಂದರ ಮೈಮೇಲಿನ ಕೆಲವು ಎಲೆಕ್ಟ್ರಾನುಗಳು ಇನ್ನೊಂದರಲ್ಲಿ ಉಳಿದುಬಿಡುತ್ತವೆ. ಪಡೆದದ್ದು ಋಣಾವೇಶವನ್ನು ತಾಳುತ್ತದೆ, ಕಳೆದುಕೊಂಡದ್ದು ಧನಾವೇಶವನ್ನು. ಗಾಜನ್ನು ರೇಷ್ಮೆಯಿಂದ ಉಜ್ಜಿದರೆ ಗಾಜಿಗೆ ಧನ, ರೇಷ್ಮೆಗೆ ಋಣ. ಉಜ್ಜುವುದರಿಂದ ವಿದ್ಯುತ್ತು ಹೊಸದಾಗಿ ಸೃಷ್ಟಿಯಾಗುವುದಿಲ್ಲ. ಸಮನಾಗಿ ಬೆರೆತಿದ್ದುದು ಬೇರ್ಪಡುತ್ತದೆ, ಅಷ್ಟೆ. ಉಜ್ಜಾಟವು ಸ್ಪರ್ಶದ ಕ್ಷೇತ್ರವನ್ನು ಹೆಚ್ಚಿಸುವ ಉಪಾಯ ಮಾತ್ರ. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನಿಲ್ಲುವುದು, ಪಾಲಿಯೆಸ್ಟರು ಅಂಗಿಯನ್ನು ಕಳಚುವುದು, ಕೊಳವೆಯಲ್ಲಿ ಪೆಟ್ರೋಲು ಹರಿಯುವುದು, ಸಕ್ಕರೆಯ ಹುಡಿ ಯಂತ್ರದ ತೊಟ್ಟಿಯಲ್ಲಿ ಜಾರುವುದು, ಇವೆಲ್ಲವೂ ಮುಟ್ಟಿ ಅಗಲುವ ಕ್ರಿಯೆಗಳೇ.

ಎರಡನೆಯದು ನಿಲುಗಡೆ. ಆವೇಶವು ಲೋಹದ ಮೇಲೆ ಹುಟ್ಟಿ, ಆ ಲೋಹವು ನೆಲವನ್ನು ಮುಟ್ಟಿದ್ದರೆ, ಅದು ಕ್ಷಣಮಾತ್ರದಲ್ಲಿ ಭೂಮಿಗಿಳಿಯುತ್ತದೆ. ಪ್ಲಾಸ್ಟಿಕ್, ನೈಲಾನು, ಒಣಗಿದ ಉಣ್ಣೆ ಮೊದಲಾದ ಅವಾಹಕಗಳ ಮೇಲೆ ಅದಕ್ಕೆ ದಾರಿಯಿಲ್ಲ, ಹುಟ್ಟಿದಲ್ಲಿಯೇ ನಿಲ್ಲುತ್ತದೆ. ಇಲ್ಲಿ ಹವೆಯ ಪಾತ್ರವು ದೊಡ್ಡದು. ಮಳೆಗಾಲದಲ್ಲಿ ವಸ್ತುಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ, ಆವೇಶವು ಅದರ ಮೂಲಕ ಮೆಲ್ಲನೆ ಜಾರಿಹೋಗುತ್ತದೆ. ಒಣಹವೆಯಲ್ಲಿ ಆ ಪೊರೆಯಿಲ್ಲ. ಕಾಲುವೆಯ ನೀರುಂಡು ವರ್ಷದ ಬಹುಭಾಗ ಹಸಿರಾಗಿರುವ ಶ್ರೀರಂಗಪಟ್ಟಣದ ಗದ್ದೆಬಯಲಿಗೂ ಮಳೆಯನ್ನೇ ನೆಚ್ಚಿದ ನಾಗಮಂಗಲದ ಕೆಂಪು ಮಣ್ಣಿನ ಹೊಲಗಳಿಗೂ ಈ ವಿಷಯದಲ್ಲಿ ಅಂತರವನ್ನು ನಿರೀಕ್ಷಿಸಬಹುದು. ಬಾಚಣಿಗೆಯ ಪ್ರಯೋಗವು ಆಷಾಢದಲ್ಲಿ ಸೋತು ಮಾಘದಲ್ಲಿ ಗೆಲ್ಲುವುದು ಉಪಾಧ್ಯಾಯರ ಕೈಗುಣದಿಂದಲ್ಲ, ಹವೆಯ ಗುಣದಿಂದ.

ಮೂರನೆಯದು ವಿಸರ್ಜನೆ. ಒಣಹವೆಯಲ್ಲಿ ಕುರ್ಚಿಯಿಂದೆದ್ದ ಮನುಷ್ಯನ ಮೈ 10,000 ವೋಲ್ಟುಗಳಷ್ಟು ವಿಭವಕ್ಕೇರುವುದು ಅಪೂರ್ವವೇನಲ್ಲ. ಅಷ್ಟಕ್ಕೆ ಬೇಕಾಗುವ ಆವೇಶವು ಕೂಲಂ ಎಂಬ ಮಾನದ ಹತ್ತು ಲಕ್ಷದಲ್ಲಿ ಒಂದೂವರೆ ಪಾಲು ಮಾತ್ರ; ಎಲೆಕ್ಟ್ರಾನುಗಳ ಎಣಿಕೆಯಲ್ಲಿ ಹೇಳುವುದಾದರೆ ಸುಮಾರು ಒಂಬತ್ತು ಲಕ್ಷ ಕೋಟಿ. ಅಂತಹವನು ಲೋಹದ ನಲ್ಲಿಯನ್ನು ಮುಟ್ಟಹೋದರೆ ಬೆರಳು ತಾಗುವ ಮೊದಲೇ ಚಿಟ್ಟೆಂದು ಕಿಡಿ ಹಾರುತ್ತದೆ. ವಾಯುವು ಪ್ರತಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟುಗಳವರೆಗೆ ತಡೆದುಕೊಂಡು, ಅದನ್ನು ಮೀರಿದಾಗ ತಾನೇ ವಾಹಕವಾಗಿಬಿಡುತ್ತದೆ. ವೋಲ್ಟುಗಳು ಸಾವಿರಗಟ್ಟಲೆಯಿದ್ದರೂ ಮನುಷ್ಯನಿಗೆ ಅಪಾಯವಿಲ್ಲವೇಕೆಂದರೆ ಆವೇಶದ ಮೊತ್ತ ಅತ್ಯಲ್ಪ. ಆ ಕಿಡಿಯ ಶಕ್ತಿ ಸುಮಾರು ಏಳೂವರೆ ಮಿಲಿಜೌಲು ಮಾತ್ರ.

ಆದರೆ ಮನುಷ್ಯನಿಗೆ ನಿರಪಾಯವಾದದ್ದು ಪೆಟ್ರೋಲಿನ ಆವಿಗೆ ನಿರಪಾಯವಲ್ಲ. ತಕ್ಕಷ್ಟು ವಾಯುವಿನೊಡನೆ ಬೆರೆತ ಆ ಆವಿಯು ಹೊತ್ತಿಕೊಳ್ಳಲು ಒಂದು ಮಿಲಿಜೌಲಿನ ನಾಲ್ಕರಲ್ಲೊಂದು ಪಾಲು ಸಾಕು. ಬೆಂಗಳೂರು ಮೈಸೂರುಗಳ ನಡುವೆ ಸಂಚರಿಸುವ ತೈಲದ ಲಾರಿಗಳು ಬಂಕುಗಳಲ್ಲಿ ತೈಲವನ್ನಿಳಿಸುವ ಮುನ್ನ ಲಾರಿಯ ಮೈಗೆ ತಂತಿಯೊಂದನ್ನು ಕಚ್ಚಿಸಿ ನೆಲಕ್ಕೆ ಜೋಡಿಸುವುದು ಈ ಕಾರಣದಿಂದಲೇ. ಹಳ್ಳಿಗಳಿಂದ ಔಷಧಿ ಸಿಂಪಡಿಸುವ ಯಂತ್ರಕ್ಕೋ ಪಂಪಿನ ಎಂಜಿನ್ನಿಗೋ ಪೆಟ್ರೋಲು ಒಯ್ಯಲು ಬರುವವರು ಡಬ್ಬಿಯನ್ನು ವಾಹನದ ಮೇಲೆಯೇ ಇಟ್ಟು ತುಂಬಿಸಿಕೊಳ್ಳುವುದುಂಟು. ತೈಲಕ್ಕೆ ತಕ್ಕ ಡಬ್ಬಿಯನ್ನು ನೆಲದ ಮೇಲಿಟ್ಟು, ನಳಿಕೆಯನ್ನು ಅದರ ಬಾಯಿಗೆ ತಾಗಿಸಿ, ನಿಧಾನವಾಗಿ ತುಂಬುವುದು ಕ್ಷೇಮಕರ. ಬಂಕಿನಲ್ಲಿ ಮೊಬೈಲು ಫೋನಿಗೆ ಅಂಜುವ ನಾವು ಡಬ್ಬಿಯನ್ನು ನೆಲಕ್ಕಿಡಲು ಮರೆಯುತ್ತೇವೆ. ಅಮೆರಿಕದ ಪೆಟ್ರೋಲಿಯಂ ಉಪಕರಣ ಸಂಸ್ಥೆಯು ಬಂಕುಗಳ ಬೆಂಕಿಯ ವರದಿಗಳನ್ನು ಸಂಗ್ರಹಿಸಿ ನೋಡಿದಾಗ ಸ್ಥಾಯೀ ವಿದ್ಯುತ್ತಿನ ಕಿಡಿಗೆ ಸಾಕ್ಷ್ಯ ಹೇರಳವಾಗಿ ದೊರೆಯಿತು, ಫೋನಿನಿಂದ ಹೊತ್ತಿದ ಬೆಂಕಿಗೆ ದೊರೆಯಲಿಲ್ಲ. ಭಯವು ಇರಬೇಕಾದ ಸ್ಥಳದಲ್ಲಿರದೆ ಬೇರೆಡೆ ಹೋಗಿ ಕುಳಿತಿರುವುದಕ್ಕೆ ಇದೊಂದು ಉದಾಹರಣೆ.

ಸಕ್ಕರೆಯ ವಿಷಯವೂ ಹೀಗೆಯೇ. ಪಾಂಡವಪುರದ ಹೆಸರು ಕಬ್ಬಿನೊಡನೆ, ಸಕ್ಕರೆಯ ಕಾರ್ಖಾನೆಯೊಡನೆ ಸೇರಿಕೊಂಡಿದೆ. ಹರಳಾಗಿರುವ ಸಕ್ಕರೆ ಸಾಧುವಾದ ಪದಾರ್ಥ. ಅದೇ ನುಣ್ಣನೆಯ ಹುಡಿಯಾಗಿ ಮುಚ್ಚಿದ ಕೋಣೆಯ ವಾಯುವಿನಲ್ಲಿ ತೇಲಿದಾಗ ಮದ್ದಿನಂತೆ ಸಿಡಿಯಬಲ್ಲದು. 2008ರ ಫೆಬ್ರುವರಿಯಲ್ಲಿ ಅಮೆರಿಕದ ಜಾರ್ಜಿಯ ಪ್ರಾಂತದ ಸಕ್ಕರೆ ಶುದ್ಧೀಕರಣದ ಕಾರ್ಖಾನೆಯೊಂದರಲ್ಲಿ ಹೀಗೆ ಸಿಡಿದು 14 ಮಂದಿ ಸತ್ತರು. ಅಲ್ಲಿ ಮೊದಲು ಬೆಂಕಿಯಿಟ್ಟದ್ದು ಮಿತಿಮೀರಿ ಕಾದ ಬೇರಿಂಗು ಇರಬೇಕೆಂದು ತನಿಖೆಯವರು ಎಣಿಸಿದರು; ಆದರೆ ಅಂತಹ ಹುಡಿಗೆ ಸ್ಥಾಯೀ ವಿದ್ಯುತ್ತಿನ ಕಿಡಿಯೂ ಸಾಲದೇನಲ್ಲ. ಹುಡಿಯನ್ನು ಸಾಗಿಸುವ ಯಂತ್ರಗಳ ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ಬೆಸೆದು ನೆಲಕ್ಕೆ ಜೋಡಿಸಬೇಕೆಂಬ ನಿಯಮವಿರುವುದು ಅದಕ್ಕಾಗಿಯೇ. ಆ ತಂತಿಯೇ ಅಲ್ಲಿನ ಕೋಡಿ.

ಇನ್ನು ಆಕಾಶದ ಕೆರೆಗೆ ಬರೋಣ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿಗಳೆಂದು ರೈತರು ಹೆಸರಿಟ್ಟಿರುವ ಏಪ್ರಿಲ್, ಮೇ ತಿಂಗಳ ಮಳೆಗಳು ಗುಡುಗುಸಿಡಿಲುಗಳೊಡನೆಯೇ ಬರುತ್ತವೆ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯು ಹತ್ತು ಹನ್ನೆರಡು ಕಿಲೋಮೀಟರು ಎತ್ತರದವರೆಗೆ ಮೋಡವನ್ನು ಬೆಳೆಸುತ್ತದೆ. ಅಲ್ಲಿ ಮೃದುವಾದ ಆಲಿಕಲ್ಲಿನ ಕಣಗಳೂ ಹಗುರವಾದ ಹಿಮದ ಹರಳುಗಳೂ ಪರಸ್ಪರ ತಾಕಿ ಅಗಲುತ್ತವೆ. ಸಾಮಾನ್ಯವಾಗಿ ಭಾರದ ಕಣಗಳು ಋಣಾವೇಶವನ್ನು ಪಡೆದು ಕೆಳಭಾಗದಲ್ಲಿ ನಿಲ್ಲುತ್ತವೆ. ಹಗುರ ಹರಳುಗಳು ಧನಾವೇಶವನ್ನು ಹೊತ್ತು ಮೇಲೇರುತ್ತವೆ. ಕೂದಲು ಬಾಚಣಿಗೆಗಳ ನಡುವೆ ನಡೆದ ವ್ಯಾಪಾರವೇ ಇಲ್ಲಿ ಮೋಡದೊಳಗೆ ನಡೆಯುತ್ತದೆ. ಹುಟ್ಟು ಅದೇ; ನಡುವಣ ವಾಯು ಅವಾಹಕವಾದುದರಿಂದ ನಿಲುಗಡೆಯೂ ಅದೇ. ವಿಸರ್ಜನೆಯೊಂದೇ ಅಗಾಧ.

ಅಗಾಧವೆಂದಾಗ ಯಾವುದು ಅಗಾಧವೆಂಬುದನ್ನು ವಿವೇಚಿಸಬೇಕು. ಸಿಡಿಲಿನ ಒಂದು ಹೊಡೆತದಲ್ಲಿ ನೆಲಕ್ಕಿಳಿಯುವ ಆವೇಶವು ಸಾಧಾರಣವಾಗಿ ಐದು ಕೂಲಂಗಳ ಆಸುಪಾಸಿನದು. ಒಂದು ಆಂಪಿಯರು ಕೊಡುವ ಫೋನಿನ ಚಾರ್ಜರು ಐದು ಸೆಕೆಂಡುಗಳಲ್ಲಿ ಅಷ್ಟನ್ನೇ ಸಾಗಿಸುತ್ತದೆ! ಆದರೆ ಸಿಡಿಲಿನಲ್ಲಿ ಅದು ಕೋಟಿಗಟ್ಟಲೆ ವೋಲ್ಟುಗಳ ಒತ್ತಡದಿಂದ, ಸೆಕೆಂಡಿನ ಸಾವಿರದ ಒಂದಂಶಕ್ಕೂ ಕಡಿಮೆ ಕಾಲದಲ್ಲಿ, ಸುಮಾರು 30,000 ಆಂಪಿಯರುಗಳ ಪ್ರವಾಹವಾಗಿ ನುಗ್ಗುತ್ತದೆ. ಅದರ ದಾರಿಯಲ್ಲಿನ ವಾಯು 30,000 ಡಿಗ್ರಿಗಳವರೆಗೆ, ಎಂದರೆ ಸೂರ್ಯನ ಮೈಯ ಐದರಷ್ಟು, ಕಾದು ಸಿಡಿಯುತ್ತದೆ. ಆ ಸಿಡಿತದ ಸದ್ದೇ ಗುಡುಗು. ಹೀಗೆ ಅನಾಹುತಕ್ಕೆ ಕಾರಣವು ಆವೇಶದ ಮೊತ್ತಕ್ಕಿಂತ ಅದರ ಒತ್ತಡ ಮತ್ತು ಆತುರ. ದಾರಿಯಿಲ್ಲದಿದ್ದುದರಿಂದ ಒತ್ತಡ ಬೆಳೆಯಿತು. ದಾರಿಯನ್ನು ತಾನೇ ಮಾಡಿಕೊಳ್ಳಬೇಕಾಗಿ ಬಂದುದರಿಂದ ಅದು ಮರವನ್ನು ಸೀಳಿತು, ಮನುಷ್ಯನನ್ನು ಸುಟ್ಟಿತು.

ದಾರಿಯನ್ನು ಮೊದಲೇ ಮಾಡಿಕೊಟ್ಟರೆ ಹೇಗೆ? 18ನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ಕೇಳಿದ ಪ್ರಶ್ನೆ ಇದೇ. ಕಟ್ಟಡದ ನೆತ್ತಿಯ ಮೇಲೊಂದು ಲೋಹದ ಕಡ್ಡಿ, ಅದರಿಂದ ಎಲ್ಲಿಯೂ ತುಂಡಾಗದೆ ಕೆಳಗಿಳಿಯುವ ಲೋಹದ ಪಟ್ಟಿ, ಪಟ್ಟಿಯ ಕೊನೆಗೆ ತೇವದ ನೆಲದಲ್ಲಿ ಹೂತ ತಗಡು. ಇದೇ ಮಿಂಚುವಾಹಕ. ಇದರಲ್ಲಿ ಮೂರನೆಯ ಅಂಗವು ತಪ್ಪಿದರೆ ಏನಾಗುವುದೆಂಬುದನ್ನು 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನಿ ರಿಚ್‌ಮನ್ನನ ಸಾವು ಲೋಕಕ್ಕೆ ತೋರಿಸಿತು. ಮೋಡದ ವಿದ್ಯುತ್ತನ್ನು ಅಳೆಯುವ ಉದ್ದೇಶದಿಂದ ಅವನು ಛಾವಣಿಯ ಕಡ್ಡಿಯನ್ನು ನೆಲಕ್ಕೆ ಜೋಡಿಸದೆ ತನ್ನ ಕೋಣೆಯಲ್ಲಿನ ಉಪಕರಣಕ್ಕೆ ತಂದಿದ್ದನು. ಸಿಡಿಲು ಕಡ್ಡಿಯವರೆಗೆ ಬಂದಿತು. ಮುಂದಿನ ದಾರಿ ಅವನ ದೇಹವಾಯಿತು.

ಶ್ರೀರಂಗಪಟ್ಟಣಕ್ಕೆ ಹೋದವರು ಕೋಟೆಯೊಳಗೆ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ನೋಡಿರಬಹುದು. ಇಟ್ಟಿಗೆ ಗಾರೆಗಳಿಂದ ದಪ್ಪವಾಗಿ ಕಟ್ಟಿದ, ನೆಲದಲ್ಲಿ ಅರ್ಧ ಹುದುಗಿದಂತಹ ಕಟ್ಟಡಗಳಿವು. ಅವುಗಳಲ್ಲೊಂದನ್ನು 2017ರಲ್ಲಿ ಜೋಡಿ ರೈಲುಮಾರ್ಗಕ್ಕೆ ಎಡೆಮಾಡಲು ಇಡಿಯಾಗಿ ಬೇರೆಡೆಗೆ ಸರಿಸಿದ ಸಾಹಸವನ್ನು ಪತ್ರಿಕೆಗಳು ವರ್ಣಿಸಿದ್ದವು. ಈ ಮದ್ದಿನ ಮನೆಗಳ ಯುಗದಲ್ಲಿಯೇ ಯುರೋಪಿನಲ್ಲಿ ಮದ್ದಿಗೂ ಸಿಡಿಲಿಗೂ ನಡುವಣ ವೈರವು ದೊಡ್ಡ ಚರ್ಚೆಯಾಗಿತ್ತು. 1769ರಲ್ಲಿ ಇಟಲಿಯ ಬ್ರೆಷಿಯಾ ನಗರದ ಮದ್ದಿನ ಉಗ್ರಾಣಕ್ಕೆ ಸಿಡಿಲು ಬಡಿದು ಊರಿನ ಒಂದು ಭಾಗವೇ ನೆಲಸಮವಾಯಿತು. ಇದಾದ ಮೇಲೆ 1772ರಲ್ಲಿ ಇಂಗ್ಲೆಂಡಿನ ಪರ್‌ಫ್ಲೀಟಿನ ಮದ್ದಿನ ಉಗ್ರಾಣಗಳಿಗೆ ರಕ್ಷಣೆಯನ್ನು ಸೂಚಿಸಲು ಫ್ರಾಂಕ್ಲಿನ್, ಕ್ಯಾವೆಂಡಿಷ್ ಮೊದಲಾದವರ ಸಮಿತಿಯು ಕೂಡಿತು. ಹೈದರ್ ಅಲಿಯು ತೀರಿಕೊಂಡ ಮರುವರ್ಷ, ಅಂದರೆ 1783ರಲ್ಲಿ, ಫ್ರಾನ್ಸಿನಲ್ಲಿ ಒಂದು ವಿಚಿತ್ರವಾದ ವ್ಯಾಜ್ಯವು ತೀರ್ಮಾನವಾಯಿತು. ತನ್ನ ಮನೆಯ ಮೇಲೆ ಮಿಂಚುವಾಹಕವನ್ನು ನಿಲ್ಲಿಸಿದ ಒಬ್ಬನ ಮೇಲೆ, ಅದು ಊರಿಗೆಲ್ಲ ಸಿಡಿಲನ್ನು ಕರೆಯುತ್ತದೆಂದು ನೆರೆಯವರು ದೂರಿದ್ದರು. ಅವನ ಪರವಾಗಿ ವಾದಿಸಿ ಗೆದ್ದ ತರುಣ ವಕೀಲನೇ, ಮುಂದೆ ಕ್ರಾಂತಿಯ ಕಾಲದಲ್ಲಿ ಹೆಸರಾದ ರೋಬ್ಸ್‌ಪಿಯರ್.

ಆ ನೆರೆಯವರ ಶಂಕೆ ಇಂದಿಗೂ ಅಳಿದಿಲ್ಲ. ಮಿಂಚುವಾಹಕವು ಎಲ್ಲಿಯೋ ಹೋಗುವ ಸಿಡಿಲನ್ನು ಮೈಮೇಲೆ ಎಳೆದುಕೊಳ್ಳುತ್ತದೆಂದು ಹೇಳುವವರನ್ನು ನಾವು ಕಂಡಿದ್ದೇವೆ. ಇದಕ್ಕೆ ಉತ್ತರ ಸರಳ. ಕಡ್ಡಿಯು ದೂರದ ಮೋಡವನ್ನು ಕರೆತರಲಾರದು. ಸಮೀಪದಲ್ಲಿ ಹೇಗೂ ಬೀಳಲಿರುವ ಸಿಡಿಲು ಗೋಡೆಯನ್ನೋ ಮನುಷ್ಯನನ್ನೋ ಹಿಡಿಯುವ ಬದಲು ತನ್ನನ್ನು ಹಿಡಿಯುವಂತೆ ಮಾಡುತ್ತದೆ. ಶಂಕಿಸಬೇಕಾದದ್ದು ಕಡ್ಡಿಯನ್ನಲ್ಲ, ಅದರ ಬುಡವನ್ನು. ಪಟ್ಟಿಯು ಕಳುವಾಗಿದ್ದರೆ, ತುಕ್ಕು ಹಿಡಿದು ಹರಿದಿದ್ದರೆ, ನೆಲದೊಳಗಿನ ತಗಡು ಒಣಮಣ್ಣಿನಲ್ಲಿದ್ದರೆ, ಆ ಕಟ್ಟಡವು ರಿಚ್‌ಮನ್ನನ ಕೋಣೆಯಾಗುತ್ತದೆ. ಕಾವೇರಿಯ ದಡದ ತೇವದ ನೆಲಕ್ಕೆ ಸಾಲುವ ಏರ್ಪಾಡು ನಾಗಮಂಗಲದ ಗರಸು ನೆಲಕ್ಕೆ ಸಾಲದು. ಮೇಲುಕೋಟೆ, ಕುಂತಿಬೆಟ್ಟ, ಆದಿಚುಂಚನಗಿರಿಗಳಂತಹ ಬೆಟ್ಟಗಳ ಬಂಡೆ ಒಳ್ಳೆಯ ವಾಹಕವಲ್ಲ. ಅಂತಹ ಕಡೆ ಪಟ್ಟಿಯು ಬಂಡೆಯ ಮೇಲೆ ನಿಲ್ಲದೆ ಮಣ್ಣಿರುವ ತಾಣದವರೆಗೆ ಸಾಗಬೇಕು. ಈ ವಿವೇಕವಿಲ್ಲದೆ ಛಾವಣಿಯ ಮೇಲೆ ಕಡ್ಡಿಯೊಂದನ್ನು ನೆಟ್ಟು ಕರ್ತವ್ಯ ಮುಗಿಯಿತೆನ್ನುವುದು ಆತ್ಮವಂಚನೆ.

ಹೊಲದಲ್ಲಿರುವವನಿಗೆ ಕಡ್ಡಿಯೂ ಇಲ್ಲ, ಪಟ್ಟಿಯೂ ಇಲ್ಲ. ಕೃಷ್ಣರಾಜಪೇಟೆಯ ಕಡೆಯ ಬಯಲಿನಲ್ಲಾಗಲಿ ನಾಗಮಂಗಲದ ರಾಗಿಯ ಹೊಲದಲ್ಲಾಗಲಿ ಮಳೆ ಹನಿಯತೊಡಗಿದಾಗ ಮನುಷ್ಯನೂ ದನವೂ ಒಂಟಿ ಮರದ ಬುಡವನ್ನು ಸೇರುವುದು ರೂಢಿ. ಮರವು ಕೆಟ್ಟ ವಾಹಕ; ಅದನ್ನು ಹಿಡಿದಿಳಿಯುವ ಸಿಡಿಲು ಅರ್ಧದಲ್ಲಿಯೇ ಅದನ್ನು ಬಿಟ್ಟು ಪಕ್ಕದಲ್ಲಿರುವವನ ಮೈಗೆ ಹಾರುತ್ತದೆ. ಮಿಕ್ಕದ್ದು ನೆಲದ ಮೇಲೆ ಸುತ್ತಲೂ ಹರಡುವಾಗ ಎರಡು ಪಾದಗಳ ನಡುವೆ ವಿಭವದ ಅಂತರವೇರ್ಪಟ್ಟು ಪ್ರವಾಹವು ಒಂದು ಕಾಲಿನಿಂದೇರಿ ಇನ್ನೊಂದರಿಂದ ಇಳಿಯುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದಲೇ ಮರದಡಿಯಲ್ಲಿ ದನಗಳು ಗುಂಪಾಗಿ ಸಾಯುತ್ತವೆ. ಸಿಡಿಲಿನ ಸಾವುಗಳಲ್ಲಿ ನೇರವಾದ ಹೊಡೆತದವು ಕೆಲವೇ. ಬಹುಪಾಲು ಇಂತಹ ಅಡ್ಡದಾರಿಗಳವು. ಆದುದರಿಂದ ಗುಡುಗು ಕೇಳಿದೊಡನೆ ಗಟ್ಟಿಯಾದ ಮನೆಯನ್ನೋ ಲೋಹದ ಮೈಯುಳ್ಳ ಮುಚ್ಚಿದ ಬಸ್ಸು ಕಾರುಗಳನ್ನೋ ಸೇರಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆಯಾದರೂ ಒಳಗಿರುವುದೇ ಸರಿ. ಬಸ್ಸು ಕಾಪಾಡುವುದು ರಬ್ಬರಿನ ಚಕ್ರಗಳಿಂದಲ್ಲ. 1836ರಲ್ಲಿ ಮೈಕೇಲ್ ಫ್ಯಾರಡೆಯು ತೋರಿಸಿದಂತೆ ಆವೇಶವು ಲೋಹದ ಗೂಡಿನ ಹೊರಮೈಯಲ್ಲೇ ಉಳಿಯುವುದರಿಂದ. ತೆರೆದ ಟ್ರ್ಯಾಕ್ಟರಿಗೂ ಹುಲ್ಲಿನ ಗುಡಿಸಲಿಗೂ ಈ ಗುಣವಿಲ್ಲ.

ನಿಲುಗಡೆಯ ಪ್ರಶ್ನೆಯನ್ನು ಸರಿಯಾಗಿ ಕಲಿತಿದ್ದರೆ ಉಳಿಯಬಹುದಾದ ಜೀವಗಳೂ ಉಂಟು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಇನ್ನೂ ಇರುವುದೆಂದು ಹೆದರಿ ಜನರು ಅವನನ್ನು ಮುಟ್ಟುವುದಿಲ್ಲ. ದೇಶದ ಕೆಲವೆಡೆಗಳಲ್ಲಿ ಆ ವಿದ್ಯುತ್ತನ್ನು ಹೀರಿಸುವುದಕ್ಕೆಂದು ಅವನನ್ನು ಸಗಣಿಯಲ್ಲಿ ಹೂಳುವುದೂ ಉಂಟು. ಮನುಷ್ಯನ ದೇಹವು ವಾಹಕ. ನೆಲದ ಮೇಲೆ ಬಿದ್ದಿರುವ ಅದರಲ್ಲಿ ಆವೇಶವು ನಿಲ್ಲಲಾರದು. ನಿಂತಿರುವುದು ಅವನ ಹೃದಯ ಮಾತ್ರ. ಉಸಿರಾಟ ಕಾಣದಿದ್ದರೆ ಒಡನೆಯೇ ಎದೆಯ ನಡುವೆ ನಿಮಿಷಕ್ಕೆ ನೂರಕ್ಕೂ ಮಿಗಿಲಾಗಿ ಬಲವಾಗಿ ಒತ್ತತೊಡಗಬೇಕು, 108ಕ್ಕೆ ಕರೆಮಾಡಿಸಬೇಕು. ಭಯದಲ್ಲಿ ಕಳೆಯುವ ಐದು ನಿಮಿಷಗಳೇ ಎಷ್ಟೋ ವೇಳೆ ಸಿಡಿಲಿಗಿಂತ ಕ್ರೂರವಾಗುತ್ತವೆ.

ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲಾದೀತೇ ಎಂದು ಹಿರಿಯರು ಕೇಳಬಹುದು. ಅವರ ನೋವನ್ನು ನಾವು ಗೌರವಿಸುತ್ತೇವೆ, ವಾದವನ್ನು ಒಪ್ಪುವುದಿಲ್ಲ. ಅದೇ ಹಿರಿಯರು ಕೆರೆಯ ಕೋಡಿಯನ್ನು ಹಣೆಬರಹಕ್ಕೆ ಬಿಡಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಹೂಳು ತೆಗೆದು ಹಸನು ಮಾಡಿದರು. ಪಾಠದ ಅವಧಿ ಸಾಲದೆಂದು ಉಪಾಧ್ಯಾಯರು ಹೇಳಬಹುದು. ಬಾಚಣಿಗೆಯ ಪಾಠಕ್ಕೆ ಕೊಡುವ ಹೊತ್ತಿನಲ್ಲಿಯೇ ಮೂರು ಪ್ರಶ್ನೆಗಳನ್ನೂ ಕೇಳಬಹುದೆಂಬುದು ನಮ್ಮ ಉತ್ತರ.

ನಮ್ಮ ಸೂಚನೆಗಳು ಎರಡೇ. ಸ್ಥಾಯೀ ವಿದ್ಯುತ್ತಿನ ಪ್ರಯೋಗಗಳನ್ನು ಒಣಹವೆಯ ಜನವರಿ, ಫೆಬ್ರುವರಿಗಳಲ್ಲಿ ನಡೆಸಿ, ಆ ಪಾಠವು ಕಾಗದದ ಚೂರಿನಲ್ಲಿ ನಿಲ್ಲದೆ ಮರದ ಬುಡದವರೆಗೆ ಬರುವಂತೆ ಮಾಡಬೇಕು. ಎರಡನೆಯದಾಗಿ, ಪ್ರತಿ ವರ್ಷವೂ ಅಶ್ವಿನಿಯ ಮಳೆಗೆ ಮುಂಚೆ ಪ್ರತಿಯೊಂದು ಶಾಲೆಯ ಮಿಂಚುವಾಹಕದ ಪಟ್ಟಿಯನ್ನೂ ಭೂಸಂಪರ್ಕವನ್ನೂ ಬಲ್ಲವರಿಂದ ಪರೀಕ್ಷಿಸಬೇಕು. ಇಲ್ಲದ ಶಾಲೆಗೆ ಅದನ್ನು ಒದಗಿಸಬೇಕು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ‘ದಾಮಿನಿ’ಯಂತಹ ಮುನ್ಸೂಚನೆಯ ಸಾಧನಗಳು ಈಗ ಫೋನಿಗೇ ಬಂದಿವೆ. ಆದರೆ ಸೂಚನೆಯು ಬಂದಾಗ ಎಲ್ಲಿಗೆ ಹೋಗಬೇಕು, ಏಕೆ ಹೋಗಬೇಕು ಎಂಬುದನ್ನು ಹೊಲದಲ್ಲಿರುವ ತಂದೆತಾಯಿಗಳಿಗೆ ತಿಳಿಸಬೇಕಾದವರು ಓದಿದ ಮಕ್ಕಳೇ. ಈ ಪುಟವನ್ನೋದುವ ವಿದ್ಯಾರ್ಥಿಗಳು ಮುಂದಿನ ಭರಣಿಯ ಮಳೆಯೊಳಗಾಗಿ ತಮ್ಮ ಮನೆಯಲ್ಲಿ ಇದನ್ನು ಒಮ್ಮೆ ಬಿಡಿಸಿ ಹೇಳಲಿ. ತಮ್ಮ ಶಾಲೆಯ ಗೋಡೆಯ ಮೇಲಿನ ಆ ಪಟ್ಟಿಯು ನೆಲದವರೆಗೆ ಇಳಿದಿದೆಯೇ ಎಂದು ಒಮ್ಮೆ ನೋಡಲಿ.